ಆರ್ಕಿಮಿಡೀಸ್‌ಗೆ ಪೀತಮ್‌ಪುರದ ಮುಖ

ಹನ್ನೊಂದನೇ ಮಹಡಿ. ಗೋಡೆ ಇಲ್ಲ, ಕಟಕಟೆ ಇಲ್ಲ.

ನನ್ನ ಹಿಮ್ಮಡಿಗಳು ಮಾತ್ರ ಸಿಮೆಂಟಿನ ಮೇಲಿದ್ದವು. ಬೆರಳುಗಳು ಗಾಳಿಯಲ್ಲಿ...

ಹಿಂದಿನಿಂದ ರಾಠಿ ನನ್ನ ಕಾಲರ್ ಹಿಡಿದಿದ್ದ. ಹರಿಯಾಣದ ಮಾಜಿ ಪೈಲ್ವಾನ. ಕೆಳಗೆ ಮರಳಿನ ರಾಶಿಯ ಪಕ್ಕ ಚಿತ್ರಕಾರ ಚರಣ್ ಅಂಗಾತ ಬಿದ್ದಿದ್ದ. ಹತ್ತು ನಿಮಿಷದ ಹಿಂದೆ ಅವನೂ ಇದೇ ಅಂಚಿನಲ್ಲಿ ನಿಂತಿದ್ದನಂತೆ. ರಾಠಿಯೇ ಹೇಳಿದ.

2005ರ ಮೇ ತಿಂಗಳು. ಇಂದಿರಾಪುರಂನ ಅರೆಬರೆ ಕಟ್ಟಿದ ಟವರ್. ಮಧ್ಯಾಹ್ನ ಹನ್ನೆರಡು.

"ಮಾಸ್ಟರ್‌ಜೀಯ ಚಿಂತೆ ಬಿಡು," ಅಂದ ರಾಠಿ. "ಅವರ ಮನೆಗೆ ಇನ್ನೊಬ್ಬ ಹೊರಟಾಯ್ತು. ಅಡ್ರೆಸ್ ಕೊಟ್ಟವನು ನೀನೇ ಅಲ್ವಾ?"

ಹೌದು. ನಾನೇ.

ನನ್ನ ಹೆಸರು ಪೊನ್ನಣ್ಣ. ಹದಿನೈದು ವರ್ಷ ಮಿಲಿಟರಿ ಪೊಲೀಸ್‌ನಲ್ಲಿದ್ದೆ. ಆಮೇಲೆ ದೆಹಲಿಯಲ್ಲಿ ಜನರನ್ನು ಹುಡುಕಿಕೊಡುವ ಕೆಲಸ. ಯಾಕೆ ಹುಡುಕಿಸುತ್ತೀರಿ ಎಂದು ಗಿರಾಕಿಯನ್ನು ಕೇಳುವುದಿಲ್ಲ. ಅದು ನನ್ನ ಪಾಲಿಸಿ.

ಕೇಳಿದ್ದರೆ ಇವತ್ತು ನಿಮಗೆ ಹೇಳಲು ಈ ಕತೆಯೇ ಇರುತ್ತಿರಲಿಲ್ಲ.

ಎರಡು ದಿನ ಮುಂಚೆ ಭಸೀನ್ ಕರೆಸಿದ್ದ. ಹಳೆಯ ಚಿತ್ರಗಳ ವ್ಯಾಪಾರಿ. ರೇಷ್ಮೆ ಸ್ಕಾರ್ಫ್, ಮೆತ್ತಗಿನ ಮಾತು. ಅವನ ಕೋಣೆಯಲ್ಲಿ ಆಳೆತ್ತರದ ಒಂದು ಕ್ಯಾನ್ವಾಸ್ ಇತ್ತು. ಕಪ್ಪು ಹಿನ್ನೆಲೆ. ಬರಿಮೈಯ ಮುದುಕ, ಎದೆಯ ಮೂಳೆ ಎಣಿಸಬಹುದು. ಕೈಯಲ್ಲಿ ಕೈವಾರ. ಕಾಲ ಬಳಿ ಮರಳಿನಲ್ಲಿ ವೃತ್ತಗಳು, ಒಂದಷ್ಟು ಗ್ರೀಕ್ ಅಕ್ಷರಗಳು.

ಆರ್ಕಿಮಿಡೀಸ್ ಎಂದ ಭಸೀನ್. 1640ರ ಸುಮಾರಿಗೆ ಯುರೋಪಿನಲ್ಲಿ ಬರೆದದ್ದು, ಯಾವುದೋ ಕೋಟೆಯ ಅಟ್ಟದಲ್ಲಿ ಸಿಕ್ಕಿತು ಎಂದ. ಕೊಳ್ಳಲು ವಿದೇಶದಿಂದ ಒಬ್ಬ ಹೆಂಗಸು ಬಂದಿದ್ದಾಳೆ. ಆದರೆ ಇದು ನಕಲಿ ಎಂದು ಯಾರೋ ಅವಳ ಆಫೀಸಿಗೆ ಫೋನ್ ಮಾಡುತ್ತಿದ್ದಾನೆ.

ಆಫೀಸಿನವರು ಆ ಕರೆಯನ್ನು ಟೇಪ್ ಮಾಡಿದ್ದರು, ಭಸೀನ್ ಅದನ್ನು ಹಾಕಿದ. ಮುದಿ ದನಿ, ನಿಧಾನದ ಇಂಗ್ಲಿಷ್. ಕೊನೆಗೆ ರಿಸೀವರ್ ಇಡುವಾಗ ತನ್ನಷ್ಟಕ್ಕೆ ಗೊಣಗಿದ್ದು ಕನ್ನಡದಲ್ಲಿ: "ಶಿವನೇ, ಇವರಿಗೆ ಯಾರು ಪಾಠ ಹೇಳಿದರೋ..."

ಅದಕ್ಕೇ ನನ್ನನ್ನು ಕರೆಸಿದ್ದು.

ಫೋನ್ ಬಂದದ್ದು ಪೀತಮ್‌ಪುರದ ಒಂದು ಎಸ್‌ಟಿಡಿ ಬೂತಿನಿಂದ. ಬೂತಿನ ಭಯ್ಯಾಗೆ ಆ ಮನುಷ್ಯ ಚೆನ್ನಾಗಿ ಗೊತ್ತು. ದಕ್ಷಿಣಾಮೂರ್ತಿ, ರಿಟೈರ್ಡ್ ಗಣಿತದ ಮೇಷ್ಟ್ರು. ಹಿಂದಿನ ಗಲ್ಲಿ, ಎರಡನೇ ಮಹಡಿ. ಮನೆಯಲ್ಲಿ ಫೋನ್ ಇಲ್ಲ. ಹೆಂಡತಿ ಇಲ್ಲ, ಮಗಳು ಬ್ಯಾಂಕಿನಲ್ಲಿ ಕೆಲಸ.

ಆ ದಿನ ಬೆಳಿಗ್ಗೆ ಅಲ್ಲಿಂದಲೇ ಭಸೀನ್‌ಗೆ ಫೋನಿನಲ್ಲಿ ಅಡ್ರೆಸ್ ಹೇಳಿದೆ. ಕೆಲಸ ಮುಗಿಯಿತು.

ವಾಪಸ್ ಬರಬೇಕಿತ್ತು. ಆದರೆ ಕನ್ನಡದಲ್ಲಿ ನಾಲ್ಕು ಮಾತಾಡಿ ತಿಂಗಳಾಗಿತ್ತು. ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವನು ಆರ್ಕಿಮಿಡೀಸ್!

ಅದೇ ಮೂಗು, ಅದೇ ಗುಳಿಬಿದ್ದ ಕೆನ್ನೆ. ಬನಿಯನ್ ಹಾಕಿಕೊಂಡಿದ್ದ, ಅಷ್ಟೇ ವ್ಯತ್ಯಾಸ.

ಮೇಷ್ಟ್ರು ನನಗೆ ಕಾಫಿ ಕೊಟ್ಟರು. ಆಮೇಲೆ ಆಲ್ಬಂ ತಂದರು. ಮೂವತ್ತು ವರ್ಷದಿಂದ ಆರ್ಕಿಮಿಡೀಸ್‌ನ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಿದ್ದರು. ಅವನ ಮುಖ ಹೇಗಿತ್ತೆಂದು ಯಾರಿಗೂ ತಿಳಿಯದು ಎಂದರು. ಹಾಗಾಗಿ ಒಂದೊಂದು ಕಾಲದವರು ಒಂದೊಂದು ಮುಖ ಕೊಟ್ಟರು. ಒಬ್ಬ ತೊಟ್ಟಿಯಲ್ಲಿ ಕೂರಿಸಿದ. ಒಬ್ಬ ಹರಕು ಬಟ್ಟೆ ತೊಡಿಸಿ ನಗುವ ತಿರುಕನನ್ನಾಗಿ ಮಾಡಿದ. ಬಹಳ ಮಂದಿ ಅವನ ಬೆನ್ನ ಹಿಂದೆ ಕತ್ತಿ ಹಿಡಿದ ರೋಮನ್ ಸೈನಿಕನನ್ನು ನಿಲ್ಲಿಸಿದರು. ಬಣ್ಣದ ಕಲ್ಲು ಜೋಡಿಸಿ ಮಾಡಿದ್ದೊಂದನ್ನು ಪುರಾತನದ್ದೆಂದು ನಂಬಿದ್ದರಂತೆ. ಆಮೇಲೆ ಅದೂ ಈಚಿನದೆಂದು ತಿಳಿಯಿತಂತೆ.

ಶಾಲೆಯ ಗೋಡೆಗೆ ಚಿತ್ರ ಬರೆಯಬೇಕು, ಕೂತುಕೊಳ್ಳಿ ಎಂದು ಚರಣ್ ಕೇಳಿದಾಗ ಮೇಷ್ಟ್ರು ಹಿಗ್ಗಿಹೋಗಿದ್ದರು. ಚರಣ್ ಚಿತ್ರ ಬರೆಯುತ್ತಿದ್ದ ಇಂದಿರಾಪುರಂನ ಆ ಖಾಲಿ ಟವರಿನಲ್ಲಿ, ಜನವರಿ-ಫೆಬ್ರವರಿಯ ಚಳಿಯಲ್ಲಿ, ಬರಿಮೈಯಲ್ಲಿ ನಲವತ್ತು ದಿನ ಕೂತರು. ಹೋದ ವಾರ ಅದೇ ಚಿತ್ರ ಪೇಪರಿನಲ್ಲಿ ಕಂಡಿತು. ಮುನ್ನೂರೈವತ್ತು ವರ್ಷ ಹಳೆಯದಂತೆ.

ನಿಮಗೆ ಏನು ಬೇಕು ಎಂದು ಕೇಳಿದೆ. ದುಡ್ಡೇ ಇರಬೇಕು ಅಂದುಕೊಂಡಿದ್ದೆ.

"ಮುಖ ನಂದೇ ಇರಲಿ ಬಿಡಿ," ಅಂದರು. "ಮರಳಲ್ಲಿ ಪೈ ಬರೆದಿದಾನಲ್ಲ, ಅದನ್ನ ಅಳಿಸಿ. ಅಕ್ಷರ ಗ್ರೀಕರದ್ದೇ. ಆದರೆ ವೃತ್ತದ ಲೆಕ್ಕಕ್ಕೆ ಅದನ್ನ ಬಳಸೋಕೆ ಶುರು ಮಾಡಿದ್ದು 1706ರಲ್ಲಿ. 1640ರ ಚಿತ್ರದಲ್ಲಿ ಅದು ಹ್ಯಾಗೆ ಬರುತ್ತೆ? ಮಕ್ಕಳು ನೋಡಿದರೆ ತಪ್ಪು ಕಲೀತಾರೆ."

ಇಷ್ಟಕ್ಕೆ ಈ ಮನುಷ್ಯ ಬೂತಿಗೆ ಹೋಗಿ ಫೋನ್ ಮಾಡುತ್ತಿದ್ದ. ಇಷ್ಟಕ್ಕೇ ನಾನು ಅಡ್ರೆಸ್ ಕೊಟ್ಟಿದ್ದೆ.

ಬಾಗಿಲು ಭದ್ರ ಮಾಡಿಕೊಳ್ಳಿ, ಯಾರು ಬಂದರೂ ತೆಗೆಯಬೇಡಿ ಎಂದೆ. ತಲೆಯಾಡಿಸಿದರು. ಕಣ್ಣು ಆಲ್ಬಂ ಮೇಲೆಯೇ ಇತ್ತು. ಚರಣ್‌ನ ಬಾಯಿ ಬಿಡಿಸೋಣ ಎಂದು ನಾನು ನೇರ ಇಂದಿರಾಪುರಂಗೆ ಬಂದೆ.

ಭಸೀನ್‌ನ ಆಳು ರಾಠಿ ನನಗಿಂತ ಮುಂಚೆ ಬಂದಿದ್ದ.

ಈಗ ಅಂಚಿನಲ್ಲಿ ನಿಂತು ಉಸಿರು ಎಳೆದುಕೊಂಡೆ. ಅವನು ನನ್ನನ್ನು ನೂಕಲು ಸಿದ್ಧನಾಗಿದ್ದ, ಎತ್ತಿ ಹಿಡಿಯಲು ಅಲ್ಲ.

ದಿಢೀರನೆ ಮಂಡಿ ಮಡಚಿ ಹಿಂದಕ್ಕೆ ಕುಸಿದೆ. ಕಾಲರ್ ಹರಿಯಿತು. ಅವನು ಮುಗ್ಗರಿಸಿದ. ಪಕ್ಕಕ್ಕೆ ಉರುಳಿ, ಕೈಗೆ ಸಿಕ್ಕ ಕಬ್ಬಿಣದ ಸರಳಿನಿಂದ ಅವನ ಮಂಡಿಗೆ ಬಾರಿಸಿದೆ. ಕಟ್ ಎಂದಿತು.

ಇನ್ನೊಂದು ಮಂಡಿಯನ್ನು ಮುರಿಯುವ ಅಗತ್ಯ ಇರಲಿಲ್ಲ. ಅದನ್ನೂ ಮುರಿದೆ.

ಮೆಟ್ಟಿಲು ಇಳಿಯುತ್ತಲೇ ನೂರಕ್ಕೆ ಫೋನ್ ಮಾಡಿದೆ. ಇಂದಿರಾಪುರಂ ಉತ್ತರ ಪ್ರದೇಶಕ್ಕೆ ಸೇರಿದ್ದು, ಗಾಜಿಯಾಬಾದ್ ಪೊಲೀಸರು ಎತ್ತಿಕೊಂಡರು. ಪೀತಮ್‌ಪುರ ದಿಲ್ಲಿ, ನಮ್ಮ ಏರಿಯಾ ಅಲ್ಲ ಎಂದರು. ಬೂತಿನ ನಂಬರ್ ಒತ್ತಿದೆ. ರಿಂಗ್ ಆಯಿತು... ಆಗುತ್ತಲೇ ಇತ್ತು. ಭಯ್ಯಾ ಊಟಕ್ಕೆ ಹೋಗಿದ್ದನಂತೆ. ಆಮೇಲೆ ಗೊತ್ತಾಯಿತು.

ಕಾರು ಹತ್ತಿದೆ. ನಿಜಾಮುದ್ದೀನ್ ಸೇತುವೆಯ ಮೇಲೆ ರಾಂಗ್ ಸೈಡ್‌ನಲ್ಲಿ ನುಗ್ಗಿದೆ. ರಿಂಗ್ ರೋಡಿನಲ್ಲಿ ಒಂದು ಬ್ಲೂಲೈನ್ ಬಸ್ಸು ನನ್ನ ಕನ್ನಡಿ ಕಿತ್ತುಕೊಂಡು ಹೋಯಿತು. ಆಜಾದ್‌ಪುರ ಮಂಡಿಯ ಎದುರು ಟೊಮ್ಯಾಟೊ ಲಾರಿ ಅಡ್ಡ ನಿಂತಿತ್ತು. ಕಾರು ಬಿಟ್ಟೆ. ಒಂದು ಆಟೋದಿಂದ ಡ್ರೈವರನನ್ನು ಎಳೆದು ಹಾಕಿ ನಾನೇ ಓಡಿಸಿದೆ.

ಎರಡನೇ ಮಹಡಿ. ಬಾಗಿಲು ತೆರೆದಿತ್ತು.

ಮೇಷ್ಟ್ರು ಮೇಜಿನ ಮೇಲೆ ತಲೆ ಇಟ್ಟಿದ್ದರು. ಸೋಫಾದ ದಿಂಬು ನೆಲದ ಮೇಲಿತ್ತು. ಹೆಚ್ಚು ಹೆಣಗಾಡಿದ ಗುರುತಿಲ್ಲ. ಅಂಥ ಮೈಯಲ್ಲಿ ಹೆಣಗಾಡುವುದಕ್ಕೆ ಏನಿತ್ತು?

ಕೈ ಹಿಡಿದು ನೋಡಿದೆ. ಬೆರಳಿಗೆ ಮೆತ್ತಿದ್ದ ಗೋಂದು ಇನ್ನೂ ಒಣಗಿರಲಿಲ್ಲ.

ಕೆಳಗಿನ ಮನೆಯವಳಿಗೆ ಪೊಲೀಸರನ್ನು ಕರೆಯಲು ಹೇಳಿದೆ. ಗೋಡೆಯಿಂದ ಅವರ ಫೋಟೋ ಕಿತ್ತುಕೊಂಡೆ. ರಿಟೈರ್ ಆದ ದಿನದ್ದು, ಕೊರಳಲ್ಲಿ ಚೆಂಡುಹೂವಿನ ಹಾರ.

ನಾಲ್ಕು ಗಂಟೆಗೆ ಚಾಣಕ್ಯಪುರಿಯ ಒಂದು ಬಂಗಲೆಯಲ್ಲಿ ಚಿತ್ರ ಒಪ್ಪಿಸುವುದಿತ್ತು. ಹರಿದ ಅಂಗಿಯಲ್ಲೇ ಒಳಗೆ ಹೋದೆ. ಭಸೀನ್ ನಗುತ್ತಿದ್ದ. ಪಕ್ಕದಲ್ಲಿ ಬಿಳಿಕೂದಲಿನ ಆ ವಿದೇಶಿ ಹೆಂಗಸು. ಫೋಟೋವನ್ನು ಕ್ಯಾನ್ವಾಸಿನ ಪಕ್ಕ ಹಿಡಿದೆ.

ಅವಳು ಬಹಳ ಹೊತ್ತು ನೋಡಿದಳು. ಇವರು ಯಾರು ಎಂದು ಕೇಳಿದಳು.

ಪೀತಮ್‌ಪುರದ ಗಣಿತದ ಮೇಷ್ಟ್ರು, ಇವತ್ತು ಮಧ್ಯಾಹ್ನ ತೀರಿಕೊಂಡರು ಎಂದೆ. ಪೈ ಕತೆಯನ್ನೂ ಹೇಳಿದೆ. ಅವಳು ಬ್ಯಾಗ್ ಎತ್ತಿಕೊಂಡು ಹೊರಟುಹೋದಳು.

ಭಸೀನ್‌ನ ಮೂಗು ಮುರಿಯಲು ನನಗೆ ಒಂದೇ ಏಟು ಸಾಕಾಯಿತು.

ಪೊಲೀಸರು ಭಸೀನ್‌ನನ್ನೂ ರಾಠಿಯನ್ನೂ ಹಿಡಿದರು. ರಾಠಿ ಚರಣ್‌ನ ವಿಷಯ ಒಪ್ಪಿಕೊಂಡು ಭಸೀನ್‌ನ ಹೆಸರು ಹೇಳಿದ. ಮೇಷ್ಟ್ರ ವಿಷಯ ಇಬ್ಬರೂ ಬಾಯಿ ಬಿಡಲಿಲ್ಲ. ಆ ಹೆಸರನ್ನೇ ಕೇಳಿಲ್ಲ ಎಂದು ಭಸೀನ್ ಕೋರ್ಟಿನಲ್ಲಿ ಹೇಳಿದ. ಅವರಿಬ್ಬರನ್ನು ಬಿಟ್ಟರೆ ಅಡ್ರೆಸ್ ಅವನ ಕೈಗೆ ಹೇಗೆ ಹೋಯಿತೆಂದು ಹೇಳಬಲ್ಲವನು ನಾನೊಬ್ಬನೇ.

ಹೇಳಿದ್ದರೆ ಆ ಕೊಲೆಗೂ ಶಿಕ್ಷೆ ಆಗುತ್ತಿತ್ತು. ನನ್ನ ಹೆಸರೂ ಬರುತ್ತಿತ್ತು.

ಸುಮ್ಮನಿದ್ದೆ.

ದಿಂಬು ಒತ್ತಿದವನು ಸಿಗಲೇ ಇಲ್ಲ.

ತಿಂಗಳಾದ ಮೇಲೆ ಮೇಷ್ಟ್ರ ಮಗಳು ಸ್ಫೂರ್ತಿ ನನ್ನ ಆಫೀಸಿಗೆ ಬಂದಳು. ದಿಲ್ಲಿಯಲ್ಲಿ ಬೆಳೆದ ಹುಡುಗಿ, ಹಿಂದಿ ಬೆರೆತ ತಡವರಿಸುವ ಕನ್ನಡ. ಅತ್ತು ಮುಗಿಸಿದ ಕಣ್ಣು. ಭಸೀನ್‌ನನ್ನು ಹಿಡಿಸಿದ್ದಕ್ಕೆ ನನಗೆ ಕೈಮುಗಿದಳು. ಆ ಕೈಗಳನ್ನು ನೋಡಲಾಗದೆ ಫ್ಯಾನ್ ನೋಡಿದೆ.

"ಅಂಕಲ್, ಪಪ್ಪಾ ಯಾರಿಗೂ ಅಡ್ರೆಸ್ ಕೊಟ್ಟಿಲ್ಲ," ಅಂದಳು. "ಫಿರ್ ಭೀ ಅವರು ಮನೆಗೆ ಬಂದ್ರು. ಯಾರೋ ಹೇಳಿದಾರೆ. ಉಸೀ ಕೋ ಹುಡುಕಿ ಕೊಡಿ. ಜನರನ್ನ ಹುಡುಕೋದ್ರಲ್ಲಿ ನೀವು ಬೆಸ್ಟ್ ಅಂತೆ."

ಕೇಸ್ ತೆಗೆದುಕೊಂಡೆ.

ಈಗ ನಾಲ್ಕು ವರ್ಷ. ಪ್ರತಿ ತಿಂಗಳೂ ಫೋನ್ ಮಾಡಿ, ಅವನು ಸಿಕ್ಕಿದನಾ ಎಂದು ಕೇಳುತ್ತಾಳೆ.

ತುಂಬಾ ಹತ್ತಿರ ಬಂದಿದ್ದೇನೆ ಎನ್ನುತ್ತೇನೆ.