ಉತ್ತರ ಗೊತ್ತಿಲ್ಲದ ಪ್ರಶ್ನೆ

“ನಮ್ಮಿಬ್ಬರ ವಿಷಯಕ್ಕೆ ಪಂಚಾಯ್ತಿ ಸೇರಿಸಿದೀಯಾ?”

ಸಿಡ್ನಿಯ ವೆಸ್ಟ್‌ಮೀಡ್‌ನ ಶಿವಲಿಂಗಪ್ಪ ಅಂಕಲ್ ಮನೆಯ ಬಾಗಿಲಲ್ಲೇ ಇಂದ್ರೇಶ್ ಹಲ್ಲು ಕಡಿದ. ಮೆಲ್ಬರ್ನ್‌ನಿಂದ ಬೆಳಗಿನ ಫ್ಲೈಟಿಗೆ ಬಂದವನ ಕಣ್ಣು ಕೆಂಪಗಿತ್ತು. ಆ ಕಣ್ಣು ಕಂಡರೆ ಈಗಲೂ ಎದೆ ಢವಗುಟ್ಟುತ್ತದಲ್ಲ ಎಂದು ಸಂಯುಕ್ತಾಗೆ ತನ್ನ ಮೇಲೇ ಸಿಟ್ಟು ಬಂತು.

“ಇಲ್ಲಿ ಯಾರೂ ತೀರ್ಪು ಹೇಳಲ್ಲ. ಬೇಕಿದ್ರೆ ಒಳಗೆ ಬಾ, ಇಲ್ಲಾಂದ್ರೆ ಬಿಡು.”

ಬಂದ, ಕಾಲು ಕೆರೆದು ಜಗಳಕ್ಕೆ ಬಂದವನ ಹಾಗೆ.

ಭಾನುವಾರದ ಲಿಂಗಪೂಜೆ ಮುಗಿದ ಮೇಲೆ ಆ ಮನೆಯಲ್ಲಿ ನಾಲ್ಕಾರು ಜನ ಸುತ್ತ ಕೂರುವುದು ವಾಡಿಕೆ. ಮನಸ್ಸು ಎರಡಾದವರು ತಮ್ಮ ಸಂಕಟ ಹೇಳಿಕೊಳ್ಳಬೇಕು. ಉಳಿದವರು ಬುದ್ಧಿ ಹೇಳುವಂತಿಲ್ಲ; ನಿಜವಾಗಿ ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನಷ್ಟೇ ಕೇಳಬೇಕು. ನಡುನಡುವೆ ಮೌನ. ಆ ಮೌನದಲ್ಲಿ ಶಿವ ಏನನ್ನುತ್ತಾನೋ, ಅದನ್ನು ಸಂಕಟದವರೇ ಕೇಳಿಸಿಕೊಳ್ಳಬೇಕು.

ಸಂಯುಕ್ತಾ ಹೇಳಿದಳು. ನರ್ಸ್ ಕೆಲಸ ಬಿಟ್ಟು, ಸಾಯುವವರ ಪಕ್ಕ ಕೂತು ಅವರ ಮಾತು ಕೇಳುವ ಕೆಲಸ ಕಲಿಯಲು ಸಿಡ್ನಿಯಲ್ಲೇ ಸೀಟು ಸಿಕ್ಕಿದೆ. ಇಂದ್ರೇಶ್ ಮೆಲ್ಬರ್ನ್‌ಗೆ ಬಾ ಅನ್ನುತ್ತಾನೆ. ಅವನಿಗೆ ಇವತ್ತೇ ಉತ್ತರ ಬೇಕಂತೆ.

“ಶಿವ ಕರೀತಿದಾನೋ, ನನ್ನ ಹಟಕ್ಕೇ ಶಿವನ ಹೆಸರಿಡ್ತಿದೀನೋ, ತಿಳೀತಿಲ್ಲ.”

ಮೊದಲ ಪ್ರಶ್ನೆ ಇಂದ್ರೇಶನದೇ. “ಸಾಯೋರ ಪಕ್ಕ ಕೂರೋದೂ ಒಂದು ಕೆರಿಯರ್ರಾ?”

ಶಿವಲಿಂಗಪ್ಪನವರ ಹೆಂಡತಿ ಕಾಳಮ್ಮ ಆಂಟಿ ಕತ್ತೆತ್ತಿದರು. “ಇದಕ್ಕೆ ಉತ್ತರ ನಿಂಗೆ ಗೊತ್ತಿದೆಯೇನಪ್ಪ?”

“ಗೊತ್ತು.”

“ಹಂಗಾದ್ರೆ ಅದು ಪ್ರಶ್ನೆ ಅಲ್ಲ, ಬೈಗುಳ. ವಾಪಸ್ ತಗೋ.”

ಅವನ ಕಿವಿ ಕೆಂಪಾಯಿತು. ಸಂಯುಕ್ತಾಗೆ ನಗು ಬಂತು. ಅವನು ದುರುಗುಟ್ಟಿದ. ನಗು ಇನ್ನೂ ಹೆಚ್ಚಾಯಿತು.

ಮೌನ. ಪಕ್ಕದ ಫ್ಲ್ಯಾಟಿನ ವಾಷಿಂಗ್ ಮೆಷಿನ್ ಮಾತ್ರ ಗಿರಗಿರ ತಿರುಗುತ್ತಿತ್ತು.

“ರೋಗಿಗಳ ಪಕ್ಕ ಹಾಗೆ ಕೂತಾಗ ನೀನು ಹೇಗಿರ್ತೀಯಮ್ಮ?” ಶಿವಲಿಂಗಪ್ಪ ಮೆಲ್ಲಗೆ ಕೇಳಿದರು.

“ಸುಮ್ನಿರ್ತೀನಿ ಅಂಕಲ್. ಯಾರನ್ನೂ ಒಪ್ಪಿಸಬೇಕಾಗಿರಲ್ಲ. ಶಿವನೂ ಅಲ್ಲೇ ಕೂತಿದಾನೆ ಅನ್ಸುತ್ತೆ.”

“ನನ್ನ ಜೊತೆ ಇರುವಾಗ?” ಇಂದ್ರೇಶನ ದನಿ ಚುಚ್ಚುವಂತಿತ್ತು. ಆದರೆ ಈ ಸಲ ಉತ್ತರ ಅವನಿಗೂ ಗೊತ್ತಿರಲಿಲ್ಲ. ಕಾಳಮ್ಮ ತಡೆಯಲಿಲ್ಲ.

“ವಕೀಲರ ಥರ. ಯಾವಾಗಲೂ ನನ್ನ ಕೇಸು ನಾನೇ ವಾದಿಸ್ತಿರ್ತೀನಿ.”

ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಹಟ ಯಾವುದು, ಕರೆ ಯಾವುದು ಎಂದು ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನಾನು ಮೆಲ್ಬರ್ನ್‌ಗೆ ಬರಲ್ಲ ಇಂದ್ರೇಶ್.”

ಅವನು ಧಡಕ್ಕನೆ ಎದ್ದ. “ಮುಗೀತಲ್ಲ? ಮದುವೆ ಬೇಡ ಅಂತ ಫೋನಲ್ಲೇ ಹೇಳಬಹುದಿತ್ತು!”

“ಮದುವೆ ಎಲ್ಲಿ ಬಂತು? ಇವತ್ತಿನವರೆಗೂ ಅದನ್ನ ಕೇಳಿದೀಯಾ? ಮೆಲ್ಬರ್ನ್‌ಗೆ ಬಾ ಅಂದೆ. ಟ್ರಾನ್ಸ್‌ಫರ್ ತಗೋ ಅಂದೆ. ಅಲ್ಲಿ ಏರಿಯಾ ಚೆನ್ನಾಗಿದೆ ಅಂದೆ. ಮನೆ ತೋರಿಸೋ ಏಜೆಂಟೂ ನಿನಗಿಂತ ಮೆತ್ತಗೆ ಮಾತಾಡ್ತಾನೆ!”

ಯಾರೂ ಸಮಾಧಾನ ಹೇಳಲಿಲ್ಲ. ಹೇಳುವಂತಿರಲಿಲ್ಲ. ಇಂದ್ರೇಶ್ ಹೋಗಲೂ ಇಲ್ಲ, ಕೂರಲೂ ಇಲ್ಲ. ಅವನ ರೆಪ್ಪೆ ಒದ್ದೆಯಾಗಿತ್ತು. ಕೊನೆಗೆ ಬೈಯುವ ದನಿಯಲ್ಲೇ ಕೇಳಿದ:

“ನನ್ನ ಮದುವೆ ಆಗ್ತೀಯಾ?”

“ಆಗ್ತೀನಿ. ಇಲ್ಲೇ ಇದ್ಕೊಂಡು.”

“ಸಿಡ್ನಿ ನಂಗೆ ಹಿಡಿಸಲ್ಲ.”

“ನಾನು?”

ಅವನು ಮುಖ ಗಂಟಿಕ್ಕಿಕೊಂಡೇ ಬಂದು, ಅವಳ ಮಂಡಿಗೆ ಮಂಡಿ ತಾಗುವಂತೆ ಚಾಪೆಯ ಮೇಲೆ ಕೂತ.