ಲವೀನಿಯಮ್ಮನ ಮುಖಕ್ಕೆ ಮಸಿ

ಅಂಚೆ ಕಚೇರಿಯ ಗೋಡೆಯ ಮೇಲಿದ್ದ ಲವೀನಿಯಾ ಟ್ರಂಬಲ್ ಅವರ ಮುಖಕ್ಕೆ ಯಾರೋ ಮಸಿ ಬಳಿದಿದ್ದಾರೆ ಎಂಬ ಸುದ್ದಿ ಬಂದಾಗ ನಾನು ನಿಂಬೆ ಶರಬತ್ತಿನ ಸಾಲಿನಲ್ಲಿ ನಿಂತಿದ್ದೆ. ಇನ್ನಿಬ್ಬರಾದರೆ ನನ್ನ ಸರದಿ. ಸುದ್ದಿ ತಂದವರು ಪೋಸ್ಟ್‌ಮಾಸ್ಟರ್ ಎವರೆಟ್ ಗಾಸರ್ಡ್.

"ಓಡಿ ಬನ್ರಯ್ಯಾ! ನಮ್ಮ ಗೋಡೆ ಕೆಡಿಸಿಬಿಟ್ಟಿದ್ದಾರೆ!"

ಇಡೀ ಮೆಲ್ಬಿ ಊರು ಓಡಿತು. ನಾನೂ ಓಡುತ್ತಿದ್ದೆ, ಆದರೆ ನನ್ನ ಅತ್ತೆ ಆಗಸ್ಟಾ ವಾಸ್ ನನ್ನ ತೋಳು ಹಿಡಿದುಕೊಂಡಿದ್ದರು.

"ನಿಧಾನ, ಅಳಿಯಂದ್ರೇ. ಗೋಡೆ ಎಲ್ಲೂ ಓಡಿಹೋಗಲ್ಲ. ಮೊದಲು ಶರಬತ್ತು ತಗೊಳ್ಳಿ. ಈಗ ಸಾಲೂ ಇಲ್ಲ."

ಅತ್ತೆಯ ಬುದ್ಧಿಯೇ ಅಂಥದು. ಎರಡು ವಾರ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದವರು, ಅಧ್ಯಕ್ಷ ಕೂಲಿಜ್ ಕಾಲದಿಂದ ಅಧ್ಯಕ್ಷ ರೂಸ್‌ವೆಲ್ಟ್ ಕಾಲದವರೆಗೂ ನಮ್ಮ ಮಹಡಿಯಲ್ಲೇ ಉಳಿದಿದ್ದರು. ಊರಿಗೆ ಪೊಲೀಸ್ ಕೆಲಸಕ್ಕೊಬ್ಬ ಷರೀಫ್ ಇದ್ದ. ಆದರೂ ಕೋಳಿ ಕಳೆದವರು, ಉಂಗುರ ಕಳೆದವರು, ಗಂಡ ಕಳೆದವರು ಬರುತ್ತಿದ್ದದ್ದು ನನ್ನ ಕ್ಷೌರದಂಗಡಿಯ ಮೆಟ್ಟಿಲು ಹತ್ತಿ ಅತ್ತೆಯ ಬಳಿಗೇ. ಕತ್ತರಿ ನನ್ನದು, ಕತ್ತರಿಯಂಥ ಬುದ್ಧಿ ಅವರದು. ಸೋಲು ಅಂತ ಅವರು ಕಂಡಿದ್ದು ಒಂದೇ ಕಡೆ, ಜಿಲ್ಲಾ ಮೇಳದಲ್ಲಿ, ಪೀಚ್ ಹಣ್ಣು ತುಂಬಿ ಬೇಯಿಸುವ ಪೈ ಸ್ಪರ್ಧೆಯಲ್ಲಿ. ವರ್ಷಾ ವರ್ಷ ನೀಲಿ ರಿಬ್ಬನ್ ಲವೀನಿಯಮ್ಮನಿಗೆ, ಕೆಂಪು ರಿಬ್ಬನ್ ನಮ್ಮತ್ತೆಗೆ. ಕೆಂಪೆಂದರೆ ಎರಡನೆಯದು. ಪೈ ಮಾಡುವ ದಿನ ಅತ್ತೆ ಅಡುಗೆಮನೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಹೆತ್ತ ಮಗಳಿಗೂ ಪ್ರವೇಶವಿರಲಿಲ್ಲ.

ಆ ವರ್ಷ ಸರ್ಕಾರ ದೇಶದ ತುಂಬ ಅಂಚೆ ಕಚೇರಿಗಳ ಗೋಡೆಗೆ ಚಿತ್ರ ಬರೆಸುತ್ತಿತ್ತು. ಮೆಲ್ಬಿಗೆ ಬಂದವಳು ಷಿಕಾಗೋದ ಹುಡುಗಿ ಮಿರಿಯಂ ಏಡಲ್‌ಸ್ಟೈನ್. ಚಳಿಗಾಲವೆಲ್ಲ ಮನೆಮನೆಗೆ ಹೋಗಿ ಅಡುಗೆಮನೆ, ಕೊಟ್ಟಿಗೆ, ಜನ, ಹಂದಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡಳು. ಆಮೇಲೆ ಕಚೇರಿಯ ಪಡಸಾಲೆಯಲ್ಲಿ ಪರದೆ ಕಟ್ಟಿಕೊಂಡು, ಯಾರಿಗೂ ತೋರಿಸದೆ, ಸುಗ್ಗಿಯ ದಿನದ ಊಟದ ದೊಡ್ಡ ಚಿತ್ರ ಬರೆದಳು. ನಡುವೆ ಮೇಜು, ಮೇಜಿನ ಹಿಂದೆ ಪೈ ಹಿಡಿದು ನಿಂತ ಲವೀನಿಯಮ್ಮ, ಸುತ್ತ ಇಡೀ ಊರು.

ಮಸಿ ಬಿದ್ದ ಆ ದಿನ ಬೆಳಿಗ್ಗೆ ಪರದೆ ಸರಿಯಿತು. ಜನ ಚಿತ್ರ ನೋಡಿದರು ಎನ್ನುವುದು ಸುಳ್ಳು. ಎಲ್ಲರೂ ಅವರವರ ಮುಖ ಹುಡುಕಿಕೊಂಡರು. ನಾನೂ ಹುಡುಕಿದೆ. ಕುದುರೆಯೊಂದರ ಹಿಂದೆ ನನ್ನ ಬೋಳುತಲೆ ಹೊಳೆಯುತ್ತಿತ್ತು. ಗಾಸರ್ಡ್ ಅವರಿಗೆ ಸಿಕ್ಕಿದ್ದು ಬೆನ್ನು ಮಾತ್ರ, ಬೆನ್ನಿನ ಕೆಳಗಿನದನ್ನು ಹುಡುಗಿ ಧಾರಾಳವಾಗಿ ಬರೆದಿದ್ದಳು. ಅವರು ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡಿರಲಿಲ್ಲ.

ಆಮೇಲೆ ಹೊರಗೆ ಊರಿನವರೆಲ್ಲರ ಉದ್ದ ಫೋಟೋ. ಊರೂರು ತಿರುಗುವ ಫೋಟೋಗ್ರಾಫರ್ ಫಿನ್ಲೆಯ ಕ್ಯಾಮೆರಾ ಮುಕ್ಕಾಲಿಯ ಮೇಲೆ ತಾನೇ ಎಡದಿಂದ ಬಲಕ್ಕೆ ತಿರುಗುತ್ತ, ಬಿಲ್ಲಿನಂತೆ ಬಾಗಿ ನಿಂತ ನಮ್ಮನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಿಡಿಯುವಂಥದು. "ಮೋಡ ಮುಚ್ಕೊಂಡಿದೆ. ಇವತ್ತು ಇದು ಬಸವನ ಹುಳು ಥರ ತಿರುಗುತ್ತೆ. ನಾನು ಟೋಪಿ ಕೆಳಗೆ ಹಾಕೋವರೆಗೂ ಯಾರೂ ತಲೆ ಆಡಿಸಬೇಡಿ. ಆಡಿಸಿದೋರಿಗೆ ಮುಖಾನೇ ಇರಲ್ಲ!" ಎಂದು ಅವನು ಹೆದರಿಸಿದ್ದ. ಲವೀನಿಯಮ್ಮ ನಿಜವಾದ ಪೈ ಹಿಡಿದು ಎಡತುದಿಯಲ್ಲಿ, ಕಚೇರಿಯ ಪಕ್ಕದ ಬಾಗಿಲ ಬಳಿ ನಿಂತರು. ನಾನು, ಅತ್ತೆ ಬಲತುದಿಯಲ್ಲಿ. ಮೂಗಿನ ಮೇಲೆ ನೊಣ ಕೂತರೂ ನಾನು ಮಿಸುಕಲಿಲ್ಲ. ಟೋಪಿ ಬೀಳುವಷ್ಟರಲ್ಲಿ ನೊಣಕ್ಕೇ ಬೇಸರವಾಗಿ ಹಾರಿಹೋಗಿತ್ತು.

ಫೋಟೋ ಆದ ಮೇಲೆಯೇ ನಾನು ಶರಬತ್ತಿಗೆ ಸಾಲು ನಿಂತದ್ದು. ಅದನ್ನು ಮುಗಿಸಿ ನಾವು ಒಳಗೆ ಹೋದಾಗ ಲವೀನಿಯಮ್ಮ ಪೈ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಸಿದಿದ್ದರು. ಇಬ್ಬರು ಹೆಂಗಸರು ಬೀಸಣಿಗೆ ಬೀಸುತ್ತಿದ್ದರು. ಚಿತ್ರದಲ್ಲಿ ಅವರ ಮುಖದ ಮೇಲೆ ಕಪ್ಪು ಬಣ್ಣ, ಅಲ್ಲಿಂದ ಮೇಜಿನ ಕೆಳಗಿನವರೆಗೂ ಒಂದು ದಪ್ಪ ಪಟ್ಟೆ. ಮಿರಿಯಂಳ ಬಣ್ಣದ ಪೆಟ್ಟಿಗೆ ಪಕ್ಕದಲ್ಲೇ ತೆರೆದು ಬಿದ್ದಿತ್ತು.

"ಊರಿಗೆ ಊರೇ ಫೋಟೋದಲ್ಲಿ ನಿಂತಿತ್ತು. ಇಲ್ಲದೋಳು ನೀನೊಬ್ಬಳೇ," ಎಂದರು ಗಾಸರ್ಡ್.

"ನಾನು ನಿಮ್ಮೂರಿನವಳಲ್ಲ ಅಂತ ನಿಲ್ಲಲಿಲ್ಲ. ಹಿಂದುಗಡೆ ಪಂಪಿನ ಹತ್ರ ಕೈ ತೊಳೀತಿದ್ದೆ," ಎಂದಳು ಮಿರಿಯಂ.

"ಬೆಳಿಗ್ಗೆ ಲವೀನಿಯಮ್ಮನ ಜೊತೆ ಜಗಳ ಆಡಿದ್ದು ಯಾರು?"

"ಮೂಗು ದೊಡ್ಡದಾಯ್ತು, ಚಿಕ್ಕದು ಮಾಡು ಅಂದ್ರು. ನಿಮ್ಮ ಮೂಗು ನಾನು ಮಾಡಿದ್ದಲ್ಲ ಅಂದೆ. ಅದಕ್ಕೆ ನನ್ನ ಚಿತ್ರಕ್ಕೆ ನಾನೇ ಮಸಿ ಬಳೀತೀನಾ?"

"ಸಿಟ್ಟು ಬಂದ್ರೆ ಕಲಾವಿದರು ಏನು ಬೇಕಾದ್ರೂ ಮಾಡ್ತಾರೆ. ಸಂಜೆ ಈ ಗೋಡೆಗೆ ಸುಣ್ಣ ಹೊಡೆಸ್ತೀನಿ. ನೀನು ಮಾಡಿದ್ದನ್ನ ಮೇಲಿನೋರಿಗೂ ತಿಳಿಸ್ತೀನಿ. ಇನ್ನು ಯಾವೂರಲ್ಲಿ ಗೋಡೆ ಕೊಡ್ತಾರೋ ನೋಡೋಣ!" ಸುಣ್ಣದ ಬಕೆಟ್ಟು ಆಗಲೇ ಬಾಗಿಲಲ್ಲಿ ಬಂದು ಕೂತಿತ್ತು. ಅಷ್ಟು ಬೇಗ ಗಾಸರ್ಡ್ ಒಂದು ಟಪಾಲನ್ನೂ ತಲುಪಿಸಿದ್ದಿಲ್ಲ.

ಹುಡುಗಿ ಅಳಲಿಲ್ಲ, ಗೋಡೆಯನ್ನೇ ನೋಡುತ್ತ ನಿಂತಳು. ತಿಂಗಳುಗಟ್ಟಲೆ ಏಣಿಯ ಮೇಲೆ ನಿಂತು ಬರೆದದ್ದು ಒಂದು ಬಕೆಟ್ಟು ಸುಣ್ಣಕ್ಕೆ ಹೋಗುವುದರಲ್ಲಿತ್ತು.

"ಎವರೆಟ್, ಸಂಜೆ ಅಂದ್ಯಲ್ಲ, ಸಂಜೆವರೆಗೂ ಕಾಯಿ," ಎಂದು ಅತ್ತೆ ಕನ್ನಡಕ ಏರಿಸಿ ಗೋಡೆಯ ಬಳಿ ಹೋದರು. ಮುಖದ ಮೇಲಿನ ಬಣ್ಣಕ್ಕೆ ಬೆರಳು ತಾಗಿಸಿದರು. ಆಮೇಲೆ ನನ್ನ ಭುಜ ಹಿಡಿದು ಕಷ್ಟಪಟ್ಟು ಬಗ್ಗಿ, ಮೇಜಿನ ಕೆಳಗಿನ ಬಣ್ಣ ಮುಟ್ಟಿದರು.

"ಅಳಿಯಂದ್ರೇ, ನೋಡಿ. ಮುಖದ ಮೇಲೆ ನೀರು ಮಜ್ಜಿಗೆ, ಮೂಗು ಹಾಗೇ ಕಾಣುತ್ತೆ. ಕೆಳಗೆ ಗಟ್ಟಿ ಮೊಸರು."

"ಬಣ್ಣ ಕೆಳಗೆ ಇಳಿದಿರಬೇಕು, ಅತ್ತೆ."

"ಇಳಿದ ಬಣ್ಣಕ್ಕೆ ಕುಂಚದ ಗೆರೆ ಇರುತ್ತಾ? ಮೂರು ಸಲ ಮೆತ್ತಿದ್ದಾರೆ." ಅವರು ಮಿರಿಯಂಳ ಕಡೆ ತಿರುಗಿದರು. "ಇಲ್ಲಿ ಏನು ಬರೆದಿದ್ದೆ, ಮಗಳೇ?"

"ಅವರ ಅಡುಗೆಮನೇಲಿ ಏನಿತ್ತೋ ಅದೇ. ಒಂದು ಬೆಕ್ಕು, ಬಕೆಟ್ಟು, ಒಂದು ಖಾಲಿ ಡಬ್ಬ, ಪೊರಕೆ. ಬೆಳಿಗ್ಗೆ ಅವರು ಹೋಗ್ತಾ ಅದನ್ನೂ ಹೇಳಿದ್ರು, ನೆಲದ ಕಸ ತೆಗೆದುಬಿಡು, ಜನ ನನ್ನ ಸೋಮಾರಿ ಅಂದ್ಕೋತಾರೆ ಅಂತ. ಕಂಡಿದ್ದನ್ನ ಬರೆಯೋಳು ನಾನು, ತೆಗೆಯಲ್ಲ ಅಂದೆ."

ಅತ್ತೆಯ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಸೆಕೆ ಇರಬೇಕು ಎಂದುಕೊಂಡೆ. ಅವರು ಅಂಚೆ ಚೀಟಿ ಮಾರುವ ಕಟ್ಟೆಗೆ ಒರಗಿದರು, ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡರು.

"ಎವರೆಟ್, ನಿನ್ನ ಕಟ್ಟೆ ಮೇಲೆ ಇರುವೆ ಯಾಕೋ?"

"ಇರುವೇನಾ? ಪರದೆ ಸರಿಸೋಕೆ ಮುಂಚೆ ಎರಡು ಸಲ ಒರೆಸಿದ್ದೀನಿ. ಆಮೇಲೆ ಇಲ್ಲಿ ಏನೂ ತಿನ್ನೋಕೆ ಬಿಟ್ಟಿಲ್ಲ!"

"ಇರಲಿ, ಈಗ ಒರೆಸಬೇಡ. ಹೇಗೆ ಗುಂಡಗೆ ಸುತ್ತು ಹಾಕ್ತಿವೆ ನೋಡು, ಪಾಪ," ಎಂದು ಅತ್ತೆ ನಕ್ಕರು. ಆ ನಗು ಕಂಡರೆ ನಾನು ತಮಾಷೆ ನೋಡಲು ಅಂಗಡಿಗೆ ಬೀಗ ಹಾಕಿಬಿಡುತ್ತಿದ್ದೆ; ಪತ್ತೆ ಮುಗಿಯಿತೆಂದೇ ಅರ್ಥ.

ಫಿನ್ಲೆ ನನ್ನ ಅಂಗಡಿಯ ಹಿಂದಿನ ಸ್ನಾನದ ಕೋಣೆಯಲ್ಲಿ ಕತ್ತಲು ಮಾಡಿಕೊಂಡು ಫೋಟೋ ತೊಳೆದ. ಸಂಜೆ ಆ ಒದ್ದೆ ಪಟ್ಟಿಯನ್ನು ಹಾವಿನಂತೆ ಎರಡು ಕೈಯಲ್ಲಿ ಹಿಡಿದು ಕಚೇರಿಗೆ ತಂದ. ಹಿಡಿಸಿದಷ್ಟು ಊರು ಪಡಸಾಲೆಯಲ್ಲಿತ್ತು, ಉಳಿದದ್ದು ಕಿಟಕಿಗಳಲ್ಲಿ. ಗಾಸರ್ಡ್ ಸುಣ್ಣದ ಕುಂಚ ಹಿಡಿದೇ ನಿಂತಿದ್ದರು.

"ನೋಡ್ಕೊಳ್ಳಿ, ಎಲ್ಲರೂ ಇದ್ದೀವಿ! ಬೇಕಾದ್ರೆ ಎಣಿಸಿ!" ಎಂದರು.

"ಎಲ್ಲರೂ ಇದ್ದೀವಿ, ಒಪ್ಪಿದೆ," ಎಂದರು ಅತ್ತೆ. "ಆದರೆ ಎಲ್ಲರೂ ಒಂದೇ ಹೊತ್ತಿಗೆ ಇದ್ವಿ ಅಂತ ಈ ಫೋಟೋ ಎಲ್ಲಿ ಹೇಳುತ್ತೆ? ಫಿನ್ಲೆ, ನಿನ್ನ ಕ್ಯಾಮೆರಾ ನಮ್ಮ ಕಡೆ ಬರೋ ಹೊತ್ತಿಗೆ ಎಡತುದಿಯೋರು ಏನು ಮಾಡ್ತಿದ್ರು?"

"ನನಗೇನು ಗೊತ್ತು, ಅಮ್ಮಾ? ಕ್ಯಾಮೆರಾ ಒಂದು ಸಲ ದಾಟಿಹೋದ್ರೆ ಅವರು ಕುಣಿದ್ರೂ ಫೋಟೋದಲ್ಲಿ ಬರಲ್ಲ."

"ಪಕ್ಕದವರು ನೋಡಿರೋದಿಲ್ವಾ?" ಎಂದು ಗಾಸರ್ಡ್ ಬಾಯಿ ಹಾಕಿದರು.

"ತಲೆ ತಿರುಗಿಸಿದ್ರೆ ಮುಖಾನೇ ಇರಲ್ಲ ಅಂತ ಇವನು ಹೆದರಿಸಿದ್ದನಲ್ಲೋ! ನಮ್ಮ ಅಳಿಯಂದ್ರು ನೊಣ ಸಮೇತ ನಿಂತಿದ್ರು. ಇಡೀ ಊರು ಕಣ್ಣು ಬಿಟ್ಕೊಂಡು ಕುರುಡಾಗಿತ್ತು. ಎಡತುದಿಯ ಒಬ್ಬರು ತಮ್ಮ ಸರದಿ ಮುಗಿದ ಕೂಡಲೇ ಪಕ್ಕದ ಬಾಗಿಲಿಂದ ಒಳಗೆ ಬಂದ್ರು. ಕೈಯಲ್ಲಿದ್ದದ್ದನ್ನ ಕಟ್ಟೆ ಮೇಲೆ ಇಟ್ಟು ಕುಂಚ ತಗೊಂಡ್ರು. ಲವೀನಿಯಾ, ನಿನ್ನ ಪೈ ತಟ್ಟೆ ಸ್ವಲ್ಪ ಕೊಡಮ್ಮ."

ಲವೀನಿಯಮ್ಮ ತಟ್ಟೆಯನ್ನು ಎದೆಗೆ ಅವುಚಿಕೊಂಡರು. ಅತ್ತೆ ಮೆಲ್ಲಗೆ ಬಿಡಿಸಿ, ಕಟ್ಟೆಯ ಮೇಲೆ ಇರುವೆಗಳು ಸುತ್ತುತ್ತಿದ್ದ ಅಂಟು ಬಳೆಯ ಮೇಲೆ ಇಟ್ಟರು. ತಟ್ಟೆ ಸರಿಯಾಗಿ ಕೂತಿತು. ಇರುವೆಗಳು ಮೇಲೆ ಹತ್ತತೊಡಗಿದವು.

"ಪೈ ಹಿಡ್ಕೊಂಡು ಫೋಟೋಗೆ ನಿಂತಿದ್ದು ಇಡೀ ಊರಲ್ಲಿ ಒಬ್ಬರೇ," ಎಂದರು ಅತ್ತೆ. "ರಸ ಸೋರಿ ತಟ್ಟೆಯ ಅಡಿ ಅಂಟಾಗಿತ್ತು."

"ಅಂದ್ರೆ ತನ್ನ ಮುಖಕ್ಕೆ ತಾನೇ ಮಸಿ ಬಳ್ಕೊಂಡ್ರಾ?" ಎಂದು ಗಾಸರ್ಡ್ ಕೂಗಿದರು.

"ಮುಖದ್ದು ನಮ್ಮ ಕಣ್ಣು ತಪ್ಪಿಸೋಕೆ. ನಿಜವಾದ ಕೆಲಸ ಮೇಜಿನ ಕೆಳಗೆ. ಬೆಕ್ಕು, ಬಕೆಟ್ಟು, ಪೊರಕೆ ಎಲ್ಲರ ಮನೇಲೂ ಇರುತ್ತೆ, ಯಾರೂ ನಾಚ್ಕೊಳ್ಳಲ್ಲ. ಹಿಂದಿನ ವರ್ಷದ ಹಿಮಕ್ಕೆ ನಿನ್ನ ಹಿತ್ತಲಿನ ಪೀಚ್ ಮರ ಸತ್ತೋಯ್ತಲ್ಲ, ಲವೀನಿಯಾ? ನೀನೇ ಹೇಳ್ತೀಯಾ, ಇಲ್ಲ ಮಿರಿಯಂ ಬಣ್ಣ ಒರೆಸಬೇಕಾ?"

ಲವೀನಿಯಮ್ಮ ಮೊದಲು ಗೋಡೆ ನೋಡಿದರು, ಆಮೇಲೆ ಸುಣ್ಣದ ಬಕೆಟ್ಟು, ಕೊನೆಗೆ ಮಿರಿಯಂಳನ್ನು.

"ಒರೆಸಮ್ಮ," ಎಂದರು. "ಆ ಮಗು ಮೇಲೆ ಅಪವಾದ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ. ಬಂದ ಮೇಲೆ ಬಾಯಿ ಬಿಡೋಕೆ ಧೈರ್ಯ ಸಾಲಲಿಲ್ಲ. ಮೇಳ ಅಂದ್ರೆ ನನಗಿರೋದು ಅದೊಂದೇ, ಆಗಸ್ಟಾ."

ಮಿರಿಯಂ ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ಬಣ್ಣ ಇನ್ನೂ ಹಸಿಯಾಗಿತ್ತು, ಸಲೀಸಾಗಿ ಬಂತು. ಬೆಕ್ಕಿನ ಬಾಲ ಕಂಡಿತು. ಅದರ ಪಕ್ಕ ಬಾಯಿ ತೆರೆದ ತಗಡಿನ ಡಬ್ಬ, ಡಬ್ಬದ ಮೇಲೆ ಅಚ್ಚುಕಟ್ಟಾಗಿ ಬರೆದ ಕಂಪನಿಯ ಗುರುತು, ಒಂದು ಕೆಂಪು ಗಿಣಿ. ಗಿಣಿಯ ಕೊಕ್ಕಿನಲ್ಲಿ ಪೀಚ್ ಹಣ್ಣು.

"ಡಬ್ಬದ ಹಣ್ಣು!" ಎಂದು ಯಾರೋ ಉಸಿರೆಳೆದರು. ಷಿಕಾಗೋದ ಹುಡುಗಿ ಮಾತ್ರ ನಮ್ಮನ್ನೆಲ್ಲ ಹುಚ್ಚರಂತೆ ನೋಡಿದಳು. "ಡಬ್ಬ ತಾನೇ? ಅದಕ್ಕೇನೀಗ?" ಪಾಪ, ತಾಜಾ ಹಣ್ಣಿನದೆಂದು ಮೇಳದಲ್ಲಿ ಗೆದ್ದ ಪೈ ಪಕ್ಕದಲ್ಲಿ ಅಂಗಡಿ ಡಬ್ಬ ಬರೆಯುವುದೆಂದರೆ ಪಾದ್ರಿಯ ಪಕ್ಕದಲ್ಲಿ ವಿಸ್ಕಿ ಬಾಟಲಿ ಬರೆದಂತೆ ಎಂದು ಅವಳಿಗೆ ಯಾರು ಹೇಳಿದ್ದರು?

ಕಿಟಕಿಯಲ್ಲಿದ್ದವರು ನಗಲು ಶುರುಮಾಡಿದರು. ಅತ್ತೆ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಯಾರದು ನಗೋದು? ಹಣ್ಣು ಮರದ್ದಾದರೇನು, ಡಬ್ಬದ್ದಾದರೇನು? ನೀವೆಲ್ಲ ತಟ್ಟೆ ನೆಕ್ಕಿದೋರೇ. ಎವರೆಟ್, ನೀನು ಎರಡು ಸಲ ನೆಕ್ಕಿದ್ದೀಯ, ನಿನ್ನ ಬೆನ್ನೇ ಸಾಕ್ಷಿ. ಮಿರಿಯಂ, ಆ ಗಿಣಿ ಮೇಲೆ ಸ್ವಲ್ಪ ಬಣ್ಣ ಹಚ್ಚಿ, ಡಬ್ಬದಲ್ಲಿ ಒಂದಿಷ್ಟು ಹೂ ಇಟ್ಟುಬಿಡು, ಮಗಳೇ. ನಮ್ಮ ಅಡುಗೆಮನೆಗಳಲ್ಲಿ ಖಾಲಿ ಡಬ್ಬಕ್ಕೆ ಹೂ ಇಡೋದೂ ನಿಜಾನೇ."

ನೀಲಿ ರಿಬ್ಬನ್ನಿಗಾಗಿ ಅಷ್ಟು ವರ್ಷ ಹಲ್ಲು ಕಚ್ಚಿದ ಹೆಂಗಸು, ಶತ್ರು ಕಾಲಡಿ ಬಿದ್ದಾಗ ಹೂ ಇಡಿಸಿದ್ದು ನೋಡಿ ನನಗೆ ಕಣ್ಣು ತುಂಬಿತು. ಮಿರಿಯಂ ಹೂ ಬರೆದಳು, ಹಳದಿ ಮತ್ತು ಕೆಂಪು. ಲವೀನಿಯಮ್ಮನ ಮುಖವನ್ನೂ ತೊಳೆದಳು; ಮೂಗು ಎಷ್ಟಿತ್ತೋ ಅಷ್ಟೇ ಉಳಿಯಿತು. ಅವಳಿಗೆ ಮುಂದೆ ನೆಬ್ರಾಸ್ಕಾದಲ್ಲಿ ಇನ್ನೊಂದು ಗೋಡೆ ಸಿಕ್ಕಿತು. ಗಾಸರ್ಡ್ ಸುಣ್ಣ ದಂಡವಾಗಬಾರದೆಂದು ಅದನ್ನು ತಮ್ಮ ಕೋಳಿಗೂಡಿಗೆ ಹೊಡೆಸಿದರು.

ಮರುದಿನ ಫೋಟೋ ತೂಗುಹಾಕಲು ಮೊಳೆ ಬೇಕಾಯಿತು. ಅಡುಗೆಮನೆಯ ಕಪಾಟಿನಲ್ಲಿದೆ ಎಂದಳು ಹೆಂಡತಿ. ಹುಡುಕುತ್ತ ನಾನು ಹಿಟ್ಟಿನ ಮೂಟೆಯನ್ನು ಪಕ್ಕಕ್ಕೆ ಎಳೆದೆ. ಅದರ ಹಿಂದೆ, ಕತ್ತಲಲ್ಲಿ, ಕೆಂಪು ಗಿಣಿಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು.

ಹಿಂದೆ ಊರುಗೋಲಿನ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅದೇ ಗಿಣಿ, ಆರ್ವಿಲ್," ಎಂದರು. ಮದುವೆಯಾದಾಗಿನಿಂದ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಅವಳು ಮರ ಸತ್ತ ಮೇಲೆ ಶುರು ಮಾಡಿದ್ದು. ನಾನು ಅದಕ್ಕೂ ಎಷ್ಟೋ ಮುಂಚೆ. ಈಗ ಇಬ್ಬರದೂ ಅದೇ ಡಬ್ಬ, ಅದೇ ಹಣ್ಣು. ಆದರೂ ಅವಳಿಗೇ ನೀಲಿ, ನನಗೆ ಕೆಂಪು. ಹಿಟ್ಟು ನಾದೋ ಕೈ ಅಂದ್ರೆ ಅವಳದೇ ಕೈ ಕಣಪ್ಪ."

ನಾನು ಮೂಟೆಯನ್ನು ಇದ್ದಲ್ಲಿಗೆ ತಳ್ಳಿದೆ. ಮೊಳೆ ಸಿಗಲಿಲ್ಲ ಎಂದು ಹೆಂಡತಿಗೆ ಹೇಳಿದೆ.