ಉಬ್ಬಸರಾಯನ ಒಲೆ

ಬಹಳ ಹಿಂದೆ, ಪ್ರಾಣಿಗಳಿಗೆ ಮಾತು ಬರುತ್ತಿದ್ದ, ಅರಸರಿಗೆ ಧೈರ್ಯ ಬಾರದಿದ್ದ ಕಾಲದಲ್ಲಿ ಹುಲ್ಲೂರು ಎಂಬ ರಾಜ್ಯವಿತ್ತು. ಅದರ ಬಡಗಣಕ್ಕೆ ಬೆಳ್ಳಿಕೋಡು ಎಂಬ ಬೆಟ್ಟ. ಬೆಟ್ಟದ ನೆತ್ತಿಯ ಹಿಮದಲ್ಲಿ ಉಬ್ಬಸರಾಯನೆಂಬ ಮಾಂತ್ರಿಕನಿದ್ದ. ಅವನಿಗೆ ಸ್ವಂತ ಉಸಿರಿರಲಿಲ್ಲ. ಪರರ ಉಸಿರು ಕದ್ದು ಬದುಕುತ್ತಿದ್ದ.

"ಪ್ರತಿ ಯುಗಾದಿಗೆ ನನ್ನ ಒಲೆ ಊದಲು ಒಬ್ಬರನ್ನು ಕಳಿಸಿ. ಇಲ್ಲವಾದರೆ ಹಿಮವನ್ನೆಲ್ಲ ನಿಮ್ಮ ಮೇಲೆ ಉರುಳಿಸುತ್ತೇನೆ" ಎಂದು ಅವನು ಹೆದರಿಸಿದ್ದ. ಅರಸ ಹೆದರಿದ್ದ. ವರ್ಷಕ್ಕೊಬ್ಬರಿಗೆ ಅರಿಶಿನ ಕುಂಕುಮ ಹಚ್ಚಿ, ಮೇನೆಯಲ್ಲಿ ಕೂರಿಸಿ, ಮದುವೆಯ ದಿಬ್ಬಣದ ಹಾಗೆ ಕಳಿಸುತ್ತಿದ್ದ. ವರ್ಷವಿಡೀ ಒಲೆ ಊದಿದವರು ಉಸಿರು ಮುಗಿದು ಹಿಮದ ಬೊಂಬೆಗಳಾಗುತ್ತಿದ್ದರು.

ಆ ವರ್ಷ ದ್ಯಾಮವ್ವನ ಸರದಿ ಬಂತು. ಮೇನೆ ಹೊರಟ ದಿನವೇ ಅವಳ ತಂಗಿ, ಕಂಬಳಿ ನೇಯುವ ಕೆಂಚವ್ವ, ಅರಮನೆಗೆ ನಡೆದಳು.

"ದೊರೆ, ನಮ್ಮಕ್ಕನ್ನ ವಾಪಸ್ ಕರೆಸಿ."

"ಅದು ಅವಳ ಹಣೆಬರಹ ಕಣಮ್ಮ."

"ಹಣೆ ಅಕ್ಕನದು, ಬರೆದ ಕೈ ತಮ್ಮದು. ತಾವು ಕರೆಸದಿದ್ದರೆ ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಸಭೆಯಲ್ಲಿ ಕೆಲವರು ನಕ್ಕರು. ಅರಸ ನಗಲಿಲ್ಲ. ಅವನ ಮಗನೇ ಹಿಂದೊಮ್ಮೆ ಕುದುರೆ ಏರಿ ಒಂದೇ ಉಸಿರಿಗೆ ಬೆಟ್ಟ ಹತ್ತಿದ್ದ. ರಾತ್ರಿ ಹಿಮದ ಮೇಲೆ ಮಲಗಿದವನು ಬೆಳಗಾಗುವುದರೊಳಗೆ ಬೊಂಬೆಯಾಗಿದ್ದ. ಆಮೇಲೆ ಹೋದ ಜಟ್ಟಿಗಳ ಕತೆಯೂ ಅದೇ.

ಬೆಟ್ಟದ ನೆತ್ತಿಗೆ ಹೋಗಿ ಇಳಿದು ಬರುವ ದಾರಿ ಬಲ್ಲದ್ದು ಒಂದೇ ಜೀವ: ತಪ್ಪಲಲ್ಲಿ ಮೇಯುವ ಒಂಟಿಕೋಡಿನ ಟಗರು. ಕೆಂಚವ್ವ ಅದರ ಮುಂದೆ ನಿಂತು, "ದಾರಿ ತೋರಿಸು ಟಗರಪ್ಪ, ನಾಳೆನೇ ಹೊರಡೋಣ" ಎಂದಳು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂದಿತು ಟಗರು ಮೆಲುಕು ಹಾಕುತ್ತ. "ಮೊದಲು ಸಿದ್ಧಳಾಗು. ನನ್ನ ಮೂರು ಮಾತು ನಡೆಸಬೇಕು. ಒಂದು ತಪ್ಪಿದರೂ ನಿನ್ನ ದಾರಿ ನಿನಗೆ, ನನ್ನ ಹುಲ್ಲು ನನಗೆ."

ಮೊದಲನೆಯದು ಹೊರೆಯ ಮಾತು. ಕೆಂಚವ್ವ ಬುತ್ತಿ ಗಂಟಿನ ಜೊತೆ ಕುಡುಗೋಲು, ಒನಕೆ, ಅಕ್ಕನ ಹಬ್ಬದ ಸೀರೆ, ಮನೆದೇವರ ಗಂಟೆ ಎಲ್ಲ ಕಟ್ಟಿಕೊಂಡು ಬಂದಳು. ಟಗರು ಎಲ್ಲವನ್ನೂ ಕೋಡಿನಿಂದ ಚೆಲ್ಲಾಪಿಲ್ಲಿ ಮಾಡಿತು. ಉಳಿಸಿದ್ದು ಎರಡು ಕಂಬಳಿ, ಹುರಿಟ್ಟು, ಬೆಲ್ಲ, ಒಣಶುಂಠಿ. ಅರಸ ನಾಚಿಕೆಗೆ ಕಳಿಸಿದ್ದ ಜರಿ ಪಾದರಕ್ಷೆಯನ್ನು ಕೆಂಚವ್ವ ತಾನೇ ಹಿಂದಕ್ಕೆ ಕಳಿಸಿ, ತಿಂಗಳುಗಟ್ಟಲೆ ಮೆಟ್ಟಿ ಪಳಗಿಸಿದ ತನ್ನ ಚಪ್ಪಲಿಯನ್ನೇ ಮೆಟ್ಟಿದಳು.

ಎರಡನೆಯದು ನಡಿಗೆಯ ಮಾತು. "ಬೀಸುವ ಪದ ಹಾಡ್ತಾ ನಡಿ" ಎಂದಿತು ಟಗರು. "ಹಾಡು ತುಂಡಾದರೆ ನೀನು ಓಡ್ತಿದ್ದೀಯ ಅಂತ. ಏದುಸಿರು ಬಿಡೋರ ಉಸಿರೇ ಉಬ್ಬಸರಾಯನ ಕೈಗೆ ಸಿಗೋದು." ಮಳೆಗಾಲವೆಲ್ಲ, ಚಳಿಗಾಲವೆಲ್ಲ ಕೆಂಚವ್ವ ಹೊರೆ ಹೊತ್ತು ತಪ್ಪಲಿನ ಗುಡ್ಡಗಳನ್ನು ಹತ್ತಿದಳು. ಅವಳಿಗೋ ಮೂಗಿನ ತುದಿಯಲ್ಲೇ ಕೋಪ. ಅಕ್ಕನ ನೆನಪಾದಾಗಲೆಲ್ಲ ಕಾಲು ತಾನಾಗಿ ಓಡುತ್ತಿತ್ತು, ಹಾಡು ತುಂಡಾಗುತ್ತಿತ್ತು. ಆಗ ಟಗರು ಮಲಗಿಬಿಡುತ್ತಿತ್ತು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಕಣ್ಣು ಮುಚ್ಚುತ್ತಿತ್ತು.

ಮೂರನೆಯದು ತಿರುಗುವ ಮಾತು. "ಎಷ್ಟೇ ಎತ್ತರ ಹತ್ತು, ಹಿಮದ ಮೇಲೆ ಮಲಗಬೇಡ. ನಾನು 'ತಿರುಗು' ಅಂದರೆ ತಿರುಗಿ, ಹುಲ್ಲಿರೋ ಕಡೆಗೆ ಇಳೀಬೇಕು."

"ಇದೇನು ಮಹಾ" ಎಂದಳು ಕೆಂಚವ್ವ.

ಯುಗಾದಿ ಹತ್ತಿರವಾದಾಗ ಇಬ್ಬರೂ ಬೆಟ್ಟ ಹತ್ತಿದರು. ಮೊದಲ ದಿನ ಹಿಮದ ಅಂಚಿನ ಕರಿಬಂಡೆ ಮುಟ್ಟಿ ಇಳಿದರು. ಮೇಲಿನಿಂದ ಉಬ್ಬಸರಾಯ ಗಹಗಹಿಸಿ, "ಹೇಡಿ, ಓಡಿಹೋದೆಯಾ?" ಎಂದ.

ಎರಡನೆಯ ದಿನ ಅವನ ಗವಿಯ ಹತ್ತಿರಕ್ಕೇ ಹೋದರು. ಒಲೆಯ ಮುಂದೆ ದ್ಯಾಮವ್ವ ಕಡ್ಡಿಯಾಗಿ ಕೂತು ಊದುತ್ತಿದ್ದಳು. ಬೀಸುವ ಪದ ಕೇಳಿ ತಲೆಯೆತ್ತಿದಳು. "ಕೆಂಚಿ" ಎಂದು ತುಟಿಯಾಡಿಸಿದಳು. ದನಿಯೇ ಹೊರಡಲಿಲ್ಲ.

ಹೊತ್ತು ವಾಲಿತ್ತು. "ತಿರುಗು" ಎಂದಿತು ಟಗರು.

"ಆಗಲ್ಲ. ಅಕ್ಕ ಇಲ್ಲೇ ಇದ್ದಾಳೆ."

"ಇವತ್ತು ಒಳಗೆ ಹೋದರೆ ಹಿಮದಲ್ಲೇ ಕತ್ತಲಾಗುತ್ತೆ. ಎರಡು ಬೊಂಬೆ ಆಗ್ತೀರಿ. ತಿರುಗು."

ಅರಸನಿಗೆ ತಲೆಬಾಗದ ಕೆಂಚವ್ವ ಆ ದಿನ ಟಗರಿನ ಮಾತಿಗೆ ಬಾಗಿದಳು. "ನಾಳೆ ಬರ್ತೀನಿ ಅಕ್ಕ" ಎಂದು ಕೂಗಿ, ದಾರಿಯುದ್ದಕ್ಕೂ ಅಳುತ್ತ ಇಳಿದಳು. ಅಳುವಿನ ನಡುವೆಯೂ ಹಾಡು ಬಿಡಲಿಲ್ಲ.

ಮೂರನೆಯ ದಿನ ನಸುಕಿನಲ್ಲೇ ಹೊರಟು, ಬಿಸಿಲೇರುವ ಹೊತ್ತಿಗೆ ಗವಿಯೊಳಗಿದ್ದಳು. ಉಬ್ಬಸರಾಯ ಅವಳ ಉಸಿರಿಗೆ ಕೈ ಚಾಚಿದ. ಏನೂ ಸಿಗಲಿಲ್ಲ. ಕೆಂಚವ್ವ ಏದುತ್ತಿರಲಿಲ್ಲ, ಹಾಡುತ್ತಿದ್ದಳು. ಅಕ್ಕನಿಗೆ ಕಂಬಳಿ ಹೊದಿಸಿ, ಬಾಯಿಗೆ ಬೆಲ್ಲ ಶುಂಠಿ ಇಟ್ಟು, ಟಗರಿನ ಬೆನ್ನಿಗೆ ಒರಗಿಸಿದಳು.

ಮಾಂತ್ರಿಕ ದನಿ ಬದಲಿಸಿದ. "ಒಂದು ರಾತ್ರಿ ಇಲ್ಲೇ ಉಳಿದು ಹೋಗಿ. ಬೆಳಗ್ಗೆ ನಾನೇ ಬಿಟ್ಟುಕೊಡುತ್ತೇನೆ."

"ನಿನ್ನ ಹಾಸಿಗೆ ನಮಗೆ ಬೇಡ. ನಾವು ಇಳೀತೀವಿ."

"ದಿನಾ ಇಳಿಯುವ ಹೇಡಿ!"

"ಹತ್ತೋದೇನು, ಯಾರು ಬೇಕಾದರೂ ಹತ್ತುತ್ತಾರೆ. ನಿನಗೆ ಇಳಿಯೋದಕ್ಕೆ ಬರುತ್ತಾ? ಬಂದು ಹಿಡಿ ನೋಡೋಣ."

ಹುಟ್ಟಿದಾಗಿನಿಂದ ಯಾರೂ ಅವನಿಗೆ ಹಾಗೆ ಅಂದಿರಲಿಲ್ಲ. ಉಬ್ಬಸರಾಯ ಕೆರಳಿ ಬೆನ್ನಟ್ಟಿದ. ಅವರು ಮೆಲ್ಲಗೆ ಇಳಿದರು, ಅವನು ದಡದಡ ಓಡಿದ. ಓಡಿದವನಿಗೆ ಜೀವಮಾನದಲ್ಲಿ ಮೊದಲ ಸಲ ಏದುಸಿರು ಬಂತು. ಕರಿಬಂಡೆ ದಾಟಿ ಹುಲ್ಲಿನ ಮೇಲೆ ಕಾಲಿಟ್ಟದ್ದೇ ತಡ, ಕದ್ದ ಉಸಿರುಗಳೆಲ್ಲ ಒಂದೊಂದಾಗಿ ಅವನ ಬಾಯಿಂದ ಹಾರಿ ತಮ್ಮ ತಮ್ಮ ಒಡೆಯರನ್ನು ಹುಡುಕಿ ಹೋದವು. ದ್ಯಾಮವ್ವನ ಉಸಿರು ದ್ಯಾಮವ್ವನಿಗೆ ಬಂತು. ಮೇಲೆ ಹಿಮದ ಬೊಂಬೆಗಳೆಲ್ಲ ಮೈಮುರಿದು ಎದ್ದವು. ಉಬ್ಬಸರಾಯನಿದ್ದ ಜಾಗದಲ್ಲಿ ಕಮ್ಮಾರನ ತಿದಿಯಂಥ ಒಂದು ಖಾಲಿ ಚರ್ಮದ ಚೀಲ ಬಿದ್ದಿತ್ತು.

ಅರಸ ತಪ್ಪಲಿಗೆ ಅದೇ ಮೇನೆಯನ್ನು ತಂದು, "ಹತ್ತಿ ತಾಯಂದಿರೇ" ಎಂದ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಕೆಂಚವ್ವ ಮೇನೆಯನ್ನು ಮುರಿದು ಸೌದೆ ಮಾಡಿದಳು. ಬೆಟ್ಟ ಇಳಿದು ಬಂದವರಿಗೆಲ್ಲ ಹುಗ್ಗಿ ಮಾಡಲು ದೊಡ್ಡ ಹಂಡೆ ಏರಿಸಿದರು. ಊದುಕೊಳವೆಯನ್ನು ದ್ಯಾಮವ್ವ ಅರಸನ ಕೈಗೆ ಕೊಟ್ಟಳು.

"ಊದಿ ದೊರೆ. ವರ್ಷವಿಡೀ ಅಲ್ಲ, ಹುಗ್ಗಿ ಬೇಯೋವರೆಗೆ."

ಹೊಗೆಗೆ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಅರಸ ಊದಿದ. ಅವನ ಮಗ ಪಕ್ಕದಲ್ಲೇ ಹಸಿದು ಕೂತಿದ್ದ. ಅಂದಿನಿಂದ ಹುಲ್ಲೂರಿನಲ್ಲಿ ಎಲ್ಲರೂ ತಮ್ಮ ತಮ್ಮ ಉಸಿರಿನಲ್ಲಿ ಸುಖವಾಗಿ ಬಾಳಿದರು, ತಮ್ಮ ತಮ್ಮ ಒಲೆಯನ್ನು ತಾವೇ ಊದಿಕೊಂಡರು.